ಮ್ಯಾನೇಜರ್ ಹೋದರೆ ನನ್ನ ತಂಡ ಉಳಿಯುತ್ತಾ?

ಪ್ರಶ್ನೆ: ಬುದ್ಧಿ ಬಂದಾಗಿನಿಂದ ನಾನು ಒಂದೇ ಫುಟ್‌ಬಾಲ್ ಕ್ಲಬ್‌ನ ಅಭಿಮಾನಿ. ಹೆಸರು ಬೇಡ, ಹೇಳಿಕೊಳ್ಳೋಕೇ ನಾಚಿಕೆ ಆಗ್ತಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಕಳೆದ 14 ಪಂದ್ಯಗಳಲ್ಲಿ ಗೆದ್ದದ್ದು ಎರಡು, ಡ್ರಾ ನಾಲ್ಕು, ಸೋತದ್ದು ಎಂಟು. ಈಗ 18ನೇ ಸ್ಥಾನ. ಈ ಮ್ಯಾನೇಜರ್, ಅಂದರೆ ಮುಖ್ಯ ಕೋಚ್, ಬಂದು ಒಂದೂವರೆ ವರ್ಷ ಆಯಿತು. ಕೈಯಲ್ಲಿದ್ದ ಪಂದ್ಯಗಳನ್ನು 75ನೇ ನಿಮಿಷದ ನಂತರ ಕಳೆದುಕೊಳ್ಳುತ್ತೇವೆ. ಬದಲಿ ಆಟಗಾರರನ್ನು ಯಾವಾಗಲೂ 70 ದಾಟಿದ ಮೇಲೆಯೇ ಇಳಿಸುತ್ತಾನೆ. ಎದುರಾಳಿಗೆ ಕಾರ್ನರ್ (ಮೈದಾನದ ಮೂಲೆಯಿಂದ ಚೆಂಡು ಒದೆಯುವ ಅವಕಾಶ) ಸಿಕ್ಕಿತೆಂದರೆ ಎದೆ ಧಸಕ್ಕೆನ್ನುತ್ತೆ. ಮುಖ್ಯ ಸ್ಟ್ರೈಕರ್ ಗಾಯಗೊಂಡು ಎರಡು ತಿಂಗಳಾಯಿತು. ಪಂದ್ಯ ಮುಗಿದ ಮೇಲೆ ಮಾತ್ರ ಅದೇ ರಾಗ, 'ನಮ್ಮ ಪ್ರಕ್ರಿಯೆ ಮೇಲೆ ನಂಬಿಕೆ ಇಡಿ.' ಮಾಲೀಕರದ್ದೇ ತಪ್ಪು ಅಂತ ನನ್ನ ಅಣ್ಣ ವಾದ ಮಾಡ್ತಾನೆ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ ಫರ್ಗುಸನ್‌ಗೂ ಸಮಯ ಕೊಟ್ಟಿದ್ದರಲ್ವಾ ಅಂತಾನೆ. ಇವನನ್ನು ಈಗಲೇ ತೆಗೆಯಬೇಕಾ? ಇನ್ನೊಂದು ವಿಷಯ, ಯಾರ ಹತ್ತಿರವೂ ಹೇಳಿಲ್ಲ. ಕಳೆದ ಎರಡು ಪಂದ್ಯಗಳಲ್ಲಿ ನಮ್ಮ ತಂಡ ಸೋಲಲಿ, ಇವನು ತೊಲಗಲಿ ಅಂತ ಮನಸ್ಸಲ್ಲೇ ಬಯಸಿದೆ. ನಾನೆಂಥ ಅಭಿಮಾನಿ?

ಉತ್ತರ: ಕೊನೆಯ ಪ್ರಶ್ನೆಗೆ ಕೊನೆಯಲ್ಲೇ ಬರುತ್ತೇನೆ. ಸದ್ಯಕ್ಕೆ ಇಷ್ಟು ಹೇಳಬಲ್ಲೆ, ನೀವೊಬ್ಬರೇ ಅಲ್ಲ.

ನಾನು ಹದಿನೈದು ವರ್ಷ ಕ್ಲಬ್‌ಗಳ ಒಳಗೆ ವಿಡಿಯೊ ವಿಶ್ಲೇಷಕನಾಗಿ ಕೆಲಸ ಮಾಡಿದವನು. ಪಂದ್ಯದ ತುಣುಕುಗಳನ್ನು ಕತ್ತರಿಸಿ ಕೋಚ್‌ಗಳ ಮುಂದಿಡುವುದು ನನ್ನ ಕೆಲಸ. ಆರು ಮ್ಯಾನೇಜರ್‌ಗಳನ್ನು ನೋಡಿದೆ. ಅವರಲ್ಲಿ ನಾಲ್ವರನ್ನು ತೆಗೆದ ದಿನ ನಾನು ಅದೇ ಕಟ್ಟಡದಲ್ಲಿದ್ದೆ. ಹಾಗಾಗಿ ಮ್ಯಾನೇಜರ್ ಪರವೂ ಇಲ್ಲ, ವಿರೋಧವೂ ಇಲ್ಲ. ಈ ನಾಟಕದ ಹಿಂದಿನ ಪರದೆ ಹೇಗಿರುತ್ತೆ ಅಂತ ಗೊತ್ತು, ಅಷ್ಟೇ.

14 ಪಂದ್ಯಗಳಿಂದ 10 ಅಂಕ. ಇದು ಕೆಟ್ಟ ಲೆಕ್ಕವೇ, ಸುಳ್ಳು ಸಮಾಧಾನ ಹೇಳುವುದಿಲ್ಲ. 20 ತಂಡಗಳಲ್ಲಿ ಕೊನೆಯ ಮೂರು ಕೆಳಗಿನ ಡಿವಿಷನ್‌ಗೆ ಇಳಿಯುತ್ತವೆ. ಟಿವಿ ಹಣ ಕರಗುತ್ತೆ. ಒಳ್ಳೆಯ ಆಟಗಾರರು ಬಿಟ್ಟು ಹೋಗುತ್ತಾರೆ. ನಿಮ್ಮ ಹೆದರಿಕೆಗೆ ಕಾರಣ ಇದೆ. ಆದರೆ ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ತಂಡ ಯಾಕೆ ಸೋಲುತ್ತಿದೆ ಅನ್ನೋದು ಒಂದು. ಮ್ಯಾನೇಜರ್ ಹೋದರೆ ಸೋಲು ನಿಲ್ಲುತ್ತಾ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ಉತ್ತರ 'ಮ್ಯಾನೇಜರ್' ಅಂತಲೇ ಇದ್ದರೂ, ಎರಡನೆಯದಕ್ಕೆ 'ಹೌದು' ಅಂತ ಆಗಬೇಕಿಲ್ಲ.

ಹೊಸ ಮ್ಯಾನೇಜರ್ ಬಂದ ತಕ್ಷಣ ತಂಡ ಚಿಗುರುತ್ತೆ ಅನ್ನುವ ನಂಬಿಕೆ ಎಲ್ಲ ಅಭಿಮಾನಿಗಳಿಗೂ ಇದೆ. ಕಣ್ಣಿಗೆ ಹಾಗೆ ಕಾಣುತ್ತೆ ಕೂಡ. ಕಾರಣ ಸರಳ. ಮ್ಯಾನೇಜರನ್ನು ತೆಗೆಯುವುದು ಯಾವಾಗ? ಎಲ್ಲಕ್ಕಿಂತ ಕೆಟ್ಟ ಘಳಿಗೆಯಲ್ಲಿ. ಐದು ಸೋಲು ಸಾಲಾಗಿ ಬಂದಾಗ, ಗೋಲ್‌ಪೋಸ್ಟ್‌ಗೆ ಬಡಿದ ಚೆಂಡು ಹೊರಗೇ ಹೋಗುತ್ತಿರುವಾಗ, ಮೂವರು ಮುಖ್ಯ ಆಟಗಾರರು ಗಾಯಾಳುಗಳಾಗಿ ಕೂತಿರುವಾಗ. ಅಲ್ಲಿಂದ ಮುಂದೆ ಯಾರೇ ಬಂದರೂ ಸ್ವಲ್ಪ ಮೇಲಕ್ಕೇ ಹೋಗಬೇಕು. ಜ್ವರ ನೆತ್ತಿಗೇರಿದ ರಾತ್ರಿ ಡಾಕ್ಟರನ್ನು ಬದಲಾಯಿಸುತ್ತೀರಿ. ಬೆಳಿಗ್ಗೆ ಜ್ವರ ಇಳಿಯುತ್ತೆ. ಹೊಸ ಡಾಕ್ಟರ್ ದೇವರು!

ಬಾಸ್ ಟೆರ್ ವೀಲ್ ಅನ್ನುವ ಅರ್ಥಶಾಸ್ತ್ರಜ್ಞರು ಡಚ್ ಲೀಗ್‌ನ 1986ರಿಂದ 2004ರವರೆಗಿನ ಫಲಿತಾಂಶಗಳನ್ನು ಹಿಡಿದು ಇದನ್ನೇ ಪರೀಕ್ಷಿಸಿದರು. ಅಷ್ಟೇ ಕೆಟ್ಟ ಸ್ಥಿತಿಗೆ ಬಿದ್ದರೂ ಮ್ಯಾನೇಜರನ್ನು ಉಳಿಸಿಕೊಂಡ ಕ್ಲಬ್‌ಗಳನ್ನು, ತೆಗೆದ ಕ್ಲಬ್‌ಗಳ ಪಕ್ಕದಲ್ಲಿಟ್ಟು ನೋಡಿದರು. ಎರಡೂ ಗುಂಪು ಹೆಚ್ಚುಕಡಿಮೆ ಒಂದೇ ಥರ ಚೇತರಿಸಿಕೊಂಡಿದ್ದವು. ಸರಾಸರಿಯಲ್ಲಿ, ತೆಗೆದದ್ದರಿಂದ ವಿಶೇಷ ಲಾಭ ಕಾಣಲಿಲ್ಲ.

'ಸರಾಸರಿ' ಅನ್ನುವ ಮಾತನ್ನು ಬಿಡಬೇಡಿ. ಒಳ್ಳೆಯ ಉದಾಹರಣೆಗಳೂ ಇವೆ. 2017ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಕ್ಲಬ್ ನಾಲ್ಕೇ ಲೀಗ್ ಪಂದ್ಯಗಳ ನಂತರ ಮ್ಯಾನೇಜರ್ ಫ್ರಾಂಕ್ ಡಿ ಬೋರ್ ಅವರನ್ನು ತೆಗೆಯಿತು. ಆ ನಾಲ್ಕರಲ್ಲಿ ಒಂದೂ ಗೋಲು ಬಂದಿರಲಿಲ್ಲ. ರಾಯ್ ಹಾಡ್ಜ್‌ಸನ್ ಬಂದರು. ಮುಂದಿನ ಮೂರೂ ಪಂದ್ಯ ಗೋಲಿಲ್ಲದೆ ಸೋತರು. ಆದರೂ ಸೀಸನ್ ಮುಗಿದಾಗ ಪ್ಯಾಲೇಸ್ 11ನೇ ಸ್ಥಾನದಲ್ಲಿತ್ತು. ಡಿ ಬೋರ್ ಕಟ್ಟಲು ಹೊರಟಿದ್ದ ಆಟ ಆ ಆಟಗಾರರಿಗೆ ಒಗ್ಗುತ್ತಿರಲಿಲ್ಲ. ಹಾಡ್ಜ್‌ಸನ್ ಮಾತ್ರ ಆಟಗಾರರಿಗೆ ಗೊತ್ತಿದ್ದ ಆಟವನ್ನೇ ಆಡಿಸಿದರು. ಇನ್ನೊಂದು ಕಡೆ ಜರ್ಮನಿಯ ಷಾಲ್ಕೆ ಕ್ಲಬ್. 2020-21ರ ಒಂದೇ ಸೀಸನ್‌ನಲ್ಲಿ ಐದು ಕೋಚ್‌ಗಳು, 34 ಪಂದ್ಯ, 16 ಅಂಕ, ಕೊನೆಯ ಸ್ಥಾನ. 2022-23ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಮೂವರು ಮ್ಯಾನೇಜರ್‌ಗಳನ್ನು ನೋಡಿತು. ಅದೂ ಕೊನೆಯ ಸ್ಥಾನವೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ಇನ್ನು ನಿಮ್ಮ ಅಣ್ಣನ ಫರ್ಗುಸನ್ ವಾದ. ಇದನ್ನು ಕೇಳಿದಾಗಲೆಲ್ಲ ನನಗೆ ಸ್ವಲ್ಪ ಕಿರಿಕಿರಿ ಆಗುತ್ತೆ, ಕ್ಷಮಿಸಿ. ಅಲೆಕ್ಸ್ ಫರ್ಗುಸನ್ 1986ರ ನವೆಂಬರ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದರು. 1989-90ರಲ್ಲಿ ತಂಡ 13ನೇ ಸ್ಥಾನಕ್ಕೆ ಕುಸಿಯಿತು. 'ಮೂರು ವರ್ಷದ ನೆಪ ಸಾಕು' ಅನ್ನುವ ಅರ್ಥದ ಬ್ಯಾನರ್ ಕೂಡ ಸ್ಟೇಡಿಯಂನಲ್ಲಿ ಕಾಣಿಸಿತು. ಅದೇ ಸೀಸನ್‌ನಲ್ಲಿ ಇಂಗ್ಲೆಂಡಿನ ನಾಕೌಟ್ ಟೂರ್ನಿ ಎಫ್‌ಎ ಕಪ್ ಗೆದ್ದರು. ಲೀಗ್ ಬಂದದ್ದು 1993ರಲ್ಲಿ. ಇದೆಲ್ಲ ನಿಜ. ಆದರೆ ಸಮಯ ಸಿಕ್ಕಿಯೂ ಮುಳುಗಿದ ಮ್ಯಾನೇಜರ್‌ಗಳ ಹೆಸರು ಯಾರಿಗೂ ನೆನಪಿಲ್ಲ. ಫರ್ಗುಸನ್ ಕೈಯಲ್ಲಿ ಸಮಯ ಸುಮ್ನೆ ಕಳೆದಿರಲಿಲ್ಲ. ಆಟಗಾರರ ಕುಡಿತದ ಚಾಳಿಗೆ ಕಡಿವಾಣ ಹಾಕಿದರು. ಎಳೆಯ ಹುಡುಗರನ್ನು ಹುಡುಕುವ ವ್ಯವಸ್ಥೆಯನ್ನು ಬುಡದಿಂದ ಕಟ್ಟಿದರು. ಅಂಕಪಟ್ಟಿಯಲ್ಲಿ ಕಾಣದ ಕೆಲಸ ನಡೆದಿತ್ತು. ನಿಮ್ಮ ಕ್ಲಬ್‌ನಲ್ಲಿ ಅಂಥ ಕೆಲಸ ನಡೆಯುತ್ತಿದೆಯಾ ಅಂತ ಅಣ್ಣನನ್ನು ಕೇಳಿ. 'ನಡೀತಿದೆ' ಅಂದರೆ ಎಲ್ಲಿ ಅಂತ ತೋರಿಸಲಿ.

ಈಗ ನೀವು ಬರೆದ ಲಕ್ಷಣಗಳಿಗೆ ಬರೋಣ. ನನಗೆ ಇಷ್ಟವಾದ ಭಾಗ ಇದೇ.

75ನೇ ನಿಮಿಷದ ನಂತರದ ಗೋಲುಗಳು. ಇದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, ಕಾಲು ಸೋಲುತ್ತಿದೆ. ಎದುರಾಳಿಯ ಅರ್ಧದಲ್ಲೇ ಒತ್ತಡ ಹಾಕುವ ಆಟ ಆಡಿಸುವ ಮ್ಯಾನೇಜರ್‌ಗೆ ದೊಡ್ಡ ಪಡೆ ಬೇಕು. ಹದಿಮೂರು ಹದಿನಾಲ್ಕು ಮಂದಿಯನ್ನೇ ತಿರುಗಿಸಿ ಮುರುಗಿಸಿ ಆಡಿಸಿದರೆ ಚಳಿಗಾಲದ ಹೊತ್ತಿಗೆ ಅವರು ಖಾಲಿ. ಎರಡು, ತಲೆ ಸೋಲುತ್ತಿದೆ. ಎರಡು ಸಲ ಕೊನೆಯಲ್ಲಿ ಗೋಲು ತಿಂದ ತಂಡ ಮೂರನೇ ಸಲ ತಾನಾಗಿಯೇ ಹಿಂದೆ ಸರಿಯುತ್ತೆ. ಯಾರೂ ಹೇಳಬೇಕಿಲ್ಲ. ಡಿಫೆಂಡರ್‌ಗಳು ಐದು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಮಿಡ್‌ಫೀಲ್ಡ್ ಅವರ ಹಿಂದೆಯೇ ಬರುತ್ತೆ. ಸ್ಟ್ರೈಕರ್ ಮುಂದೆ ಒಂಟಿ. ಹೊರಗೆ ಹೊಡೆದ ಚೆಂಡು ಹತ್ತು ಸೆಕೆಂಡಿನಲ್ಲಿ ವಾಪಸ್. ನಿಮ್ಮ ಮುಖ್ಯ ಸ್ಟ್ರೈಕರ್ ಇಲ್ಲದಿರುವುದು ಇಲ್ಲೇ ಜಾಸ್ತಿ ನೋಯಿಸುತ್ತಿರಬೇಕು. ಜನ ಸ್ಟ್ರೈಕರನ್ನು ಗೋಲುಗಳಿಂದ ಅಳೆಯುತ್ತಾರೆ. ಗೆಲುವಿನಲ್ಲಿರುವಾಗ ಮೂಲೆಯಲ್ಲಿ ಚೆಂಡು ಹಿಡಿದು, ಬೆನ್ನ ಮೇಲೆ ಡಿಫೆಂಡರನ್ನು ಹೊತ್ತುಕೊಂಡು, ತಂಡಕ್ಕೆ ಇಪ್ಪತ್ತು ಸೆಕೆಂಡ್ ಉಸಿರು ಕೊಡುವವನೂ ಅವನೇ.

ಬದಲಿ ಆಟಗಾರರ ವಿಷಯದಲ್ಲಿ ಮಾತ್ರ ಮ್ಯಾನೇಜರ್ ಪರ ಒಂದು ಮಾತು. 2022-23ರಿಂದ ಪ್ರೀಮಿಯರ್ ಲೀಗ್‌ನಲ್ಲಿ ಐವರನ್ನು ಬದಲಾಯಿಸಬಹುದು, ನಿಜ. ಆದರೆ ಆಟ ನಿಲ್ಲಿಸಿ ಬದಲಾಯಿಸಲು ಮೂರೇ ಅವಕಾಶ, ವಿರಾಮದ ಹೊತ್ತನ್ನು ಬಿಟ್ಟು. ಆ ಮೂರನ್ನೂ 65ರೊಳಗೆ ಮುಗಿಸಿಕೊಂಡು, 80ರಲ್ಲಿ ಒಬ್ಬನ ತೊಡೆಯ ಸ್ನಾಯು ಎಳೆದರೆ ಹತ್ತೇ ಜನ. ಬೆಂಚ್ ಮೇಲೆ ನಂಬುವಂಥವರು ಇಲ್ಲದಾಗ ಎಲ್ಲ ಮ್ಯಾನೇಜರ್‌ಗಳೂ ಕೈ ಬಿಗಿ ಹಿಡಿಯುತ್ತಾರೆ. ಆದರೆ ಪ್ರತಿ ವಾರ, ಎದುರಾಳಿ ಯಾರೇ ಇರಲಿ, 70ರ ನಂತರವೇ, ಅದೇ ಇಬ್ಬರೇ ಅಂದರೆ ಅದು ಎಚ್ಚರಿಕೆ ಅಲ್ಲ. ಪಂದ್ಯ ನೋಡುವುದನ್ನೇ ಬಿಟ್ಟಿದ್ದಾರೆ ಅಂತ ಅರ್ಥ. ಅಂಥವರ ಜೊತೆ ನಾನು ಕೆಲಸ ಮಾಡಿದ್ದೇನೆ. ವಿರಾಮದಲ್ಲಿ ತುಣುಕು ತೋರಿಸಿದರೆ ತಲೆ ಆಡಿಸುತ್ತಿದ್ದರು, ಏನೂ ಬದಲಾಗುತ್ತಿರಲಿಲ್ಲ.

ಕಾರ್ನರ್ ಸಮಸ್ಯೆಗೆ ಮದ್ದಿದೆ. ಅದೂ ಬೇಗ ನಾಟುವ ಮದ್ದು. ಯಾರು ಯಾವ ಜಾಗ ಕಾಯಬೇಕು, ಗೋಲ್‌ಕೀಪರ್‌ಗೆ ಅಡ್ಡ ನಿಲ್ಲುವವರನ್ನು ಯಾರು ಸರಿಸಬೇಕು, ವಾಪಸ್ ಬಂದ ಚೆಂಡಿಗೆ ಯಾರು ಓಡಬೇಕು, ಇಷ್ಟನ್ನು ಕಲಿಸಲು ತಿಂಗಳುಗಳು ಬೇಕಿಲ್ಲ. ಇದಕ್ಕೆಂದೇ ಕೋಚ್‌ಗಳಿದ್ದಾರೆ. ಆರ್ಸೆನಲ್ 2021ರಲ್ಲಿ ನಿಕೊಲಾಸ್ ಜೋವರ್ ಅವರನ್ನು ಈ ಕೆಲಸಕ್ಕೇ ತಂದಿತು. ಮುಂದಿನ ವರ್ಷಗಳಲ್ಲಿ ಕಾರ್ನರ್‌ಗಳೇ ಆ ತಂಡದ ಆಯುಧವಾದವು. ಹದಿನಾಲ್ಕು ವಾರಗಳಿಂದ ಅದೇ ರೀತಿ ಗೋಲು ತಿನ್ನುತ್ತಿದ್ದರೂ ಯಾರೂ ಅದಕ್ಕೆ ಕೈ ಹಾಕಿಲ್ಲ ಅಂದರೆ, ನಿಮ್ಮ ಮ್ಯಾನೇಜರ್ ವಿರುದ್ಧ ನಾನು ಬರೆದಿಡುವ ಮೊದಲ ದೂರು ಅದೇ. ಸೋಲಿಗಿಂತ ದೊಡ್ಡ ದೂರು.

'ಪ್ರಕ್ರಿಯೆ' ಅನ್ನುವ ಮಾತನ್ನು ಹೇಗೆ ಪರೀಕ್ಷಿಸೋದು? ಫಲಿತಾಂಶ ಬಿಟ್ಟು ಅವಕಾಶಗಳನ್ನು ನೋಡಿ. ಎಕ್ಸ್‌ಜಿ ಅನ್ನುವ ಲೆಕ್ಕ ಈಗ ಎಲ್ಲ ಕಡೆ ಸಿಗುತ್ತೆ. ಪ್ರತಿ ಹೊಡೆತ ಗೋಲಾಗುವ ಸಾಧ್ಯತೆ ಎಷ್ಟು ಅಂತ ಕೂಡಿಸುವ ಲೆಕ್ಕ ಅದು. ಪೆನಾಲ್ಟಿ ಆದರೆ ಸುಮಾರು ನಾಲ್ಕರಲ್ಲಿ ಮೂರು, ದೂರದ ಹೊಡೆತ ಆದರೆ ತೀರಾ ಕಡಿಮೆ. ಒಂದು ಪಂದ್ಯದ ಎಕ್ಸ್‌ಜಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ, ಅದು ಏನೂ ಹೇಳಲ್ಲ. 14 ಪಂದ್ಯಗಳದ್ದನ್ನು ಕೂಡಿಸಿ. ನಿಮ್ಮ ತಂಡ ಸೃಷ್ಟಿಸಿದ್ದು ಎದುರಾಳಿಗಳಿಗೆ ಬಿಟ್ಟುಕೊಟ್ಟಷ್ಟೇ ಇದ್ದರೆ, ಆಟ ಸರಿಯಿದೆ, ಗ್ರಹಚಾರ ಸರಿಯಿಲ್ಲ. ಯರ್ಗನ್ ಕ್ಲಾಪ್ ಮ್ಯಾನೇಜರ್ ಆಗಿದ್ದ ಡಾರ್ಟ್‌ಮುಂಡ್ ಇದಕ್ಕೆ ದೊಡ್ಡ ಸಾಕ್ಷಿ. 2015ರ ಫೆಬ್ರವರಿಯಲ್ಲಿ ಆ ತಂಡ ಜರ್ಮನಿಯ ಲೀಗ್ ಬುಂಡೆಸ್‌ಲಿಗಾದ ಕಟ್ಟಕಡೆಯ ಸ್ಥಾನದಲ್ಲಿತ್ತು. ಸ್ವಂತ ಮೈದಾನದಲ್ಲಿ ಆಗ್ಸ್‌ಬರ್ಗ್ ಎದುರು ಸೋತ ರಾತ್ರಿ ಗೋಲ್‌ಕೀಪರ್ ವೈಡನ್‌ಫೆಲ್ಲರ್ ಬೇಲಿ ಹತ್ತಿ ಸಿಟ್ಟಾದ ಅಭಿಮಾನಿಗಳ ಜೊತೆ ಮಾತಾಡಬೇಕಾಯಿತು. ಆದರೆ ತಂಡ ಹೊಡೆತಗಳಲ್ಲಿ, ಅವಕಾಶಗಳಲ್ಲಿ ಹಿಂದೆ ಬಿದ್ದಿರಲಿಲ್ಲ. ಕ್ಲಬ್ ಕ್ಲಾಪ್ ಅವರನ್ನು ತೆಗೆಯಲಿಲ್ಲ. ಸೀಸನ್ ಕೊನೆಗೆ 7ನೇ ಸ್ಥಾನ.

ಬಿಟ್ಟುಕೊಟ್ಟದ್ದೇ ತುಂಬಾ ಜಾಸ್ತಿ ಇದ್ದರೆ? ಆಗ 'ಪ್ರಕ್ರಿಯೆ' ಅನ್ನೋದು ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ.

ಮಾಲೀಕರ ವಿಷಯದಲ್ಲಿ ನಿಮ್ಮ ಅಣ್ಣ ಅರ್ಧ ಸರಿ. ವರ್ಷಗಳ ಲೆಕ್ಕ ತೆಗೆದರೆ, ತಂಡದ ಸ್ಥಾನವನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳುವುದು ಆಟಗಾರರ ಒಟ್ಟು ಸಂಬಳ. 15ನೇ ದೊಡ್ಡ ಸಂಬಳದ ಪಟ್ಟಿ ಇರುವ ಕ್ಲಬ್ 15ರ ಆಸುಪಾಸಿನಲ್ಲೇ ಇರುತ್ತೆ. ಖರ್ಚಿನ ನಿಯಮ ಬೇರೆ ಇದೆ. ಮೂರು ವರ್ಷಕ್ಕೆ 10.5 ಕೋಟಿ ಪೌಂಡ್‌ಗಿಂತ ಹೆಚ್ಚು ನಷ್ಟ ಮಾಡಬಾರದು ಅನ್ನುವ ಆಗಿನ ಮಿತಿ ದಾಟಿದ್ದಕ್ಕೆ 2023ರ ನವೆಂಬರ್‌ನಲ್ಲಿ ಎವರ್ಟನ್ ಕ್ಲಬ್‌ನ 10 ಅಂಕ ಕತ್ತರಿಸಿದರು. ಮೇಲ್ಮನವಿಯಲ್ಲಿ ಅದು 6 ಆಯಿತು, ನಂತರ ಇನ್ನೊಂದು ಪ್ರಕರಣಕ್ಕೆ ಮತ್ತೆ 2. ಮೈದಾನದಲ್ಲಿ ದುಡಿದ ಅಂಕಗಳನ್ನು ಆಫೀಸಿನಲ್ಲಿ ಕಳೆದದ್ದು ಹೀಗೆ. ಪಂದ್ಯ ಮುಗಿದ ಮೇಲೆ ಕ್ಯಾಮೆರಾ ಮುಂದೆ ಬಂದು ಕೂರುವವನು ಮಾತ್ರ ಮ್ಯಾನೇಜರ್. ಮಾಲೀಕರು, ಆಟಗಾರರ ಖರೀದಿ ನೋಡಿಕೊಳ್ಳುವ ಸ್ಪೋರ್ಟಿಂಗ್ ಡೈರೆಕ್ಟರ್ ಯಾರೂ ಬರಲ್ಲ. ಎರಡು ಡಜನ್ ಆಟಗಾರರನ್ನು ಬದಲಾಯಿಸುವುದಕ್ಕಿಂತ ಒಬ್ಬನನ್ನು ಬದಲಾಯಿಸುವುದು ಸುಲಭ. ಅದಕ್ಕೇ ಅವನ ತಲೆ ಮೊದಲು ಉರುಳುತ್ತೆ.

ಹಾಗಾದರೆ ಕ್ಲಬ್ ಮುಂದೆ ಏನೇನು ದಾರಿ ಇವೆ?

ಈಗಲೇ ತೆಗೆಯುವುದು. ಇದರಲ್ಲಿ ಒಂದು ನಿಜವಾದ ಲಾಭ ಇದೆ. ನಾಲ್ಕು ಸಲ ಕಣ್ಣಾರೆ ಕಂಡಿದ್ದೇನೆ. ಹೊಸಬರು ಬಂದ ಮೊದಲ ಬೆಳಿಗ್ಗೆ ಅಭ್ಯಾಸದ ವೇಗವೇ ಬೇರೆ. ಮೂಲೆಗುಂಪಾಗಿದ್ದವರು ಎದ್ದು ಓಡುತ್ತಾರೆ, ಜಾಗ ಗಟ್ಟಿ ಅಂದುಕೊಂಡವರಿಗೆ ಭಯ ಹುಟ್ಟುತ್ತೆ. ಅದು ಮೂರು, ನಾಲ್ಕು ವಾರ ಇರುತ್ತೆ. ಆ ಮೇಲೆ ಉಳಿಯುವುದು ಅದೇ ಆಟಗಾರರು, ಅದೇ ಗಾಯಗಳು, ಅದೇ ಬೆಂಚ್. ಜೊತೆಗೆ ಖರ್ಚು. ಹಳಬರ ಕರಾರಿನ ಹಣ, ಅವರು ತಂದ ನಾಲ್ಕೈದು ಸಹಾಯಕರ ಹಣ, ಹೊಸಬರ ಸಂಬಳ, ಅವರ ಸಹಾಯಕರ ಸಂಬಳ. ಆಟಗಾರರನ್ನು ಕೊಳ್ಳಲು ಅವಕಾಶ ಇರುವುದು ಬೇಸಿಗೆಯಲ್ಲಿ ಮತ್ತು ಜನವರಿಯಲ್ಲಿ ಮಾತ್ರ. ಜನವರಿಯಲ್ಲಿ ಕಷ್ಟದಲ್ಲಿರುವ ಕ್ಲಬ್ ಬಾಗಿಲಿಗೆ ಬಂದರೆ ಮಾರುವವರಿಗೆ ಗೊತ್ತಾಗಿಬಿಡುತ್ತೆ, ಬೆಲೆ ಏರುತ್ತೆ.

ಸೀಸನ್ ಮುಗಿಯುವವರೆಗೆ ಕಾಯುವುದು. ಅಗ್ಗ, ಶಾಂತಿ. ಆದರೆ ಡ್ರೆಸಿಂಗ್ ರೂಮ್ ಆಗಲೇ ಕೈಬಿಟ್ಟಿದ್ದರೆ ಕಾದಷ್ಟೂ ಅಂಕ ಸೋರುತ್ತೆ. ಎಲ್ಲಕ್ಕಿಂತ ಕೆಟ್ಟದ್ದು ಕಾದು ಕಾದು ಕೊನೆಯಲ್ಲಿ ಧೈರ್ಯ ಕೆಡುವುದು. ಬರ್ನ್‌ಲಿ ಕ್ಲಬ್ ಹತ್ತು ವರ್ಷಕ್ಕೆ ಹತ್ತಿರ ಮ್ಯಾನೇಜರ್ ಆಗಿದ್ದ ಶಾನ್ ಡೈಚ್ ಅವರನ್ನು 2022ರ ಏಪ್ರಿಲ್‌ನಲ್ಲಿ ತೆಗೆಯಿತು. ಉಳಿದದ್ದು 8 ಪಂದ್ಯ. ತಾತ್ಕಾಲಿಕ ಕೋಚ್ ಆ ಎಂಟರಲ್ಲಿ 11 ಅಂಕ ತಂದರು, ಚೆನ್ನಾಗಿಯೇ ಆಡಿಸಿದರು. ಆದರೂ ಕೊನೆಯ ದಿನ ತಂಡ ಇಳಿಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಮೂರನೆಯದನ್ನು ಅಭಿಮಾನಿಗಳು ಕೇಳುವುದೇ ಇಲ್ಲ. ಮ್ಯಾನೇಜರನ್ನು ಉಳಿಸಿ ಸುತ್ತಲಿನದ್ದನ್ನು ಬದಲಾಯಿಸುವುದು. ಕಾರ್ನರ್‌ಗೆ ಬೇರೆ ಕೋಚ್, ಫಿಟ್‌ನೆಸ್ ವಿಭಾಗದ ತಪಾಸಣೆ, ಮುಂದೆ ಚೆಂಡು ಹಿಡಿದು ನಿಲ್ಲುವ ಒಬ್ಬ ಸ್ಟ್ರೈಕರ್, ಬೇರೆ ಕ್ಲಬ್‌ನಿಂದ ಕೆಲವು ತಿಂಗಳ ಮಟ್ಟಿಗೆ ಎರವಲು. ಚಪ್ಪಾಳೆ ಗಿಟ್ಟದ ದಾರಿ ಇದು. ಮ್ಯಾನೇಜರ್‌ಗೆ ಸಹಾಯ ಕೇಳುವ ಮನಸ್ಸಿದ್ದರೆ ಮಾತ್ರ ನಡೆಯುತ್ತೆ. 'ನನ್ನ ಮೇಲೆ ನಂಬಿಕೆ ಇಲ್ವಾ' ಅಂತ ಮುನಿಸಿಕೊಂಡರೆ ಅದೂ ಒಂದು ಉತ್ತರವೇ.

ನನ್ನ ಅಭಿಪ್ರಾಯ ಕೇಳಿದರೆ, ನಿರ್ಧಾರ ಎರಡು ವಿಷಯಗಳ ಮೇಲೆ ನಿಲ್ಲಬೇಕು. ಆಟಗಾರರು ಇನ್ನೂ ಮ್ಯಾನೇಜರ್‌ಗಾಗಿ ಓಡುತ್ತಿದ್ದಾರಾ? ಮುಂದಿನವರನ್ನು ಆರಿಸುವವರು ಯಾರು? ಎರಡನೆಯದನ್ನು ಯಾರೂ ಕೇಳಲ್ಲ, ನೋಡಿ. ಈ ಮ್ಯಾನೇಜರನ್ನು ಆರಿಸಿದವರೇ, ಅದೇ ರೀತಿ, ಅದೇ ಅವಸರದಲ್ಲಿ ಇನ್ನೊಬ್ಬರನ್ನು ಆರಿಸಿದರೆ ಹದಿನೆಂಟು ತಿಂಗಳ ನಂತರ ನೀವು ನನಗೆ ಇದೇ ಪತ್ರ ಬರೆಯುತ್ತೀರಿ. ಬದಲಿ ಹೆಸರು ಸಿದ್ಧವಿದ್ದು, ಅವರ ಆಟ ಈ ಆಟಗಾರರಿಗೆ ಹೊಂದುವಂತಿದ್ದು, ತಂಡ ಓಡುವುದನ್ನು ನಿಲ್ಲಿಸಿದ್ದರೆ, ಇವತ್ತೇ ಬದಲಾಯಿಸಲಿ, ನಾಳೆವರೆಗೂ ಕಾಯುವುದು ಬೇಡ. ಮೂರರಲ್ಲಿ ಒಂದು ಇಲ್ಲದಿದ್ದರೂ ನಾನು ತಡೆಯುತ್ತಿದ್ದೆ.

ಓಡುತ್ತಿದ್ದಾರಾ ಅನ್ನೋದು ಟಿವಿಯಲ್ಲೂ ಸ್ವಲ್ಪ ಮಟ್ಟಿಗೆ ಗೊತ್ತಾಗುತ್ತೆ. ಒಟ್ಟು ಕಿಲೋಮೀಟರ್ ಲೆಕ್ಕ ಬೇಡ, ಸೋಲುವ ತಂಡ ಚೆಂಡಿನ ಹಿಂದೆ ಅಲೆದು ಅಲೆದು ಜಾಸ್ತಿ ಓಡಿರಲೂಬಹುದು. ಚೆಂಡು ಕಳೆದುಕೊಂಡ ಮರುಕ್ಷಣ ನೋಡಿ. ಅಂಚಿನಲ್ಲಿ ಆಡುವ ವಿಂಗರ್ ಹಿಂದಿರುಗಿ ಓಡುತ್ತಾನಾ, ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತಾನಾ? ಗೋಲು ತಿಂದ ಮೇಲೆ ನಾಲ್ವರು ಸೇರಿ ಮಾತಾಡುತ್ತಾರಾ, ಒಬ್ಬೊಬ್ಬರೇ ನೆಲ ನೋಡುತ್ತಾ ಹೋಗುತ್ತಾರಾ? ಬೈದಾಡುತ್ತಿದ್ದರೆ ಹೆದರಬೇಡಿ. ಬೈಯುವವರಿಗೆ ಇನ್ನೂ ಕಾಳಜಿ ಇದೆ. ನಾನು ಕಂಡ ನಾಲ್ಕೂ ಡ್ರೆಸಿಂಗ್ ರೂಮ್‌ಗಳು ಮ್ಯಾನೇಜರ್ ಹೋಗುವ ಎರಡು ವಾರ ಮೊದಲೇ ಮೌನವಾಗಿದ್ದವು.

ಈಗ ನೀವು ಯಾರಿಗೂ ಹೇಳದ ವಿಷಯ. ತಂಡ ಸೋಲಲಿ ಅಂತ ಬಯಸಿದಿರಿ. ನಂಬಿ, ಕ್ಲಬ್ ಒಳಗೆ ಸಂಬಳ ತೆಗೆದುಕೊಳ್ಳುವವರೂ ಬಯಸುತ್ತಾರೆ. ಒಂದು ಸಲ ನಾನೂ ಬಯಸಿದ್ದೆ. ಆ ಮ್ಯಾನೇಜರ್ ಹುಡುಗರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದರು. ಒಂದು ಸೋಲು ಬಂದರೆ ಸಾಕು ಹೋಗುತ್ತಾರೆ ಅಂತ ಲೆಕ್ಕ ಹಾಕಿ ಪಂದ್ಯ ನೋಡುತ್ತಾ ಕೂತೆ. ಸೋತೆವು, ಅವರು ಹೋದರು. ಮೇ ತಿಂಗಳಲ್ಲಿ ಒಂದು ಅಂಕದಿಂದ ನಾವು ಇಳಿದೆವು. ಆ ಅಂಕ ಯಾವ ಪಂದ್ಯದ್ದು ಅಂತ ಹೇಳಲು ಬರಲ್ಲ, ನನಗೆ ಮಾತ್ರ ಅದೇ ಪಂದ್ಯ ನೆನಪಾಗುತ್ತೆ. ನನ್ನ ಬಯಕೆಯಿಂದ ಸೋತೆವು ಅಂತ ಅಲ್ಲ. ಮೈದಾನದಲ್ಲಿರುವ ಹುಡುಗರಿಗೆ ನಿಮ್ಮ ಮನಸ್ಸು ಕೇಳಿಸಲ್ಲ. ಮ್ಯಾನೇಜರ್ ಬಗ್ಗೆ ಏನು ಬೇಕಾದರೂ ಅಂದುಕೊಳ್ಳಿ, ಪತ್ರ ಬರೆಯಿರಿ, ಅಭಿಮಾನಿ ಸಂಘದ ಮೂಲಕ ಮಾಲೀಕರನ್ನು ಪ್ರಶ್ನಿಸಿ. ಆಟಗಾರರ ಮನೆಯವರ ತನಕ ಬೈಗುಳ ಮುಟ್ಟಿಸುವವರ ಜೊತೆ ಮಾತ್ರ ಸೇರಬೇಡಿ.

ಮುಂದಿನ ಪಂದ್ಯದಲ್ಲಿ ಒಂದು ಕೆಲಸ ಮಾಡಿ. 70ನೇ ನಿಮಿಷದಿಂದ ಚೆಂಡನ್ನು ಬಿಟ್ಟು ನಿಮ್ಮ ಲೆಫ್ಟ್ ಬ್ಯಾಕ್, ಅಂದರೆ ಎಡಗಡೆಯ ಡಿಫೆಂಡರ್‌ನನ್ನೇ ನೋಡುತ್ತಾ ಕೂರಿ. ಅವನು ಎಷ್ಟು ಸಲ ಮೇಲಕ್ಕೆ ಹೋದ, ಎಷ್ಟು ಸಲ ಓಡಿ ವಾಪಸ್ ಬಂದ, ಒಂದು ಕಾಗದದ ಮೇಲೆ ಗೀಟು ಹಾಕಿ. ಮೂರು ಪಂದ್ಯದ ಗೀಟುಗಳು ಸೇರಿದ ಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.